ಎಡಗಡೆಯ ಬೆಂಚು ಕೇಳಿಸಿದ ದಿನ

ಗಣಿತವೆಂದರೆ ಬೆವರುತ್ತಿದ್ದ ತುರುವೇಕೆರೆ ಸೀಮೆಯ ಮಕ್ಕಳನ್ನು ಕೈಹಿಡಿದು ದಡ ಮುಟ್ಟಿಸಿದ ಅಧ್ಯಾಪಕರು ಯಾರೆಂದು ಕೇಳಿದರೆ, ಯಾರ ಬಾಯಲ್ಲಾದರೂ ಮೊದಲು ಬರುವುದು ಶ್ರೀ ನಾಗಭೂಷಣ ಅವರ ಹೆಸರು. ಪದವಿಪೂರ್ವ ತರಗತಿಗಳಿಗೆ ಪಾಠ ಹೇಳುತ್ತಲೇ ತಲೆ ನರೆಯಿಸಿಕೊಂಡ ಈ ಹಿರಿಯರು ಈಗ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿಯೂ ಅನಂತರ ಸಹೋದ್ಯೋಗಿಯೂ ಆದ ಅನುಪಮಾ ಈ ಲೇಖನವನ್ನು ಬರೆಯುತ್ತಿದ್ದಾಳೆ. ಮೇಷ್ಟ್ರ ಅಭಿನಂದನೆಯಲ್ಲಿ ‘ನಾನು, ನಾನು’ ಎಂದು ಮೆರೆಯುವುದು ಅವಳಿಗೆ ಸರಿಕಾಣದು. ಆದ್ದರಿಂದ ತನ್ನನ್ನೂ ಹೆಸರು ಹಿಡಿದೇ ಕರೆದುಕೊಳ್ಳುತ್ತಾಳೆ. ಈ ಅಭಿನಂದನಾ ಸಂಪುಟದ ಉಳಿದ ಲೇಖಕರು ಮೇಷ್ಟ್ರ ಗುಣಗಾನ ಮಾಡಿಯೇ ಇರುತ್ತಾರೆ, ಮಾಡಲಿ. ಅನುಪಮಾ ಹೇಳಹೊರಟಿರುವುದು ಮೇಷ್ಟ್ರ ಕಿವಿಯ ಕಥೆ. ಇದಕ್ಕೆ ಅವರ ಅಪ್ಪಣೆಯೂ ಆಗಿದೆ: “ಬರಿ ಕಣಮ್ಮ, ಏನೂ ಮುಚ್ಚಿಡಬ್ಯಾಡ. ನನ್ನಂಥ ಇನ್ನೊಬ್ಬ ಮೇಷ್ಟ್ರು ಓದ್ಲಿ.”

ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಯಸಂದ್ರದ ಕಡೆಯಿಂದ ಬರುವ ಮಕ್ಕಳಿಗೆ ಪರೀಕ್ಷೆಯ ಬೆಳಗ್ಗೆ ಬಸ್ಸು ಕೈಕೊಟ್ಟರೆ, ತಮ್ಮ ಸ್ಕೂಟರಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಂದು ಬಿಡುತ್ತಿದ್ದರಂತೆ. ಸಂಜೆ ಅವರ ಮನೆಯಲ್ಲಿ ಲೆಕ್ಕ ಕಲಿಯಲು ಕುಳಿತವರಿಗೆ ಅವರ ಪತ್ನಿ ಪುಟ್ಟಗೌರಮ್ಮನವರು ಉಪ್ಪಿಟ್ಟು ತಿನ್ನಿಸದೆ ಕಳಿಸಿದ್ದೇ ಇಲ್ಲ. ಅನುಪಮಾ ಕನ್ನಡ ಅಧ್ಯಾಪಕಿಯಾಗಿ ಅದೇ ಕಾಲೇಜಿಗೆ ಬಂದ ದಿನ, ಕಿಟಕಿಯ ಪಕ್ಕದ ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ತಾವು ಬೀರುವಿನ ಮಗ್ಗುಲಿಗೆ ಹೋಗಿ ಕುಳಿತರು. ಇಂಥ ಮನುಷ್ಯರ ಮೇಲೆ ಅವಳ ಎದೆಯ ಮೂಲೆಯಲ್ಲಿ ಒಂದು ಹಳೆಯ ಮುನಿಸು ಇತ್ತೆಂದರೆ ಓದುಗರು ನಂಬಲಿಕ್ಕಿಲ್ಲ. ಆದರೆ ಇತ್ತು.

ಮೇಷ್ಟ್ರಿಗೆ ನಡುವಯಸ್ಸಿನಲ್ಲೇ ಎರಡೂ ಕಿವಿ ಮಂದವಾದವು. ತಿಪಟೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ವನಜಾ ಅವರು ಆಗಲೇ ಹೇಳಿದ್ದರು, ಎರಡಕ್ಕೂ ಶ್ರವಣ ಸಾಧನ ಬೇಕು ಎಂದು. ನಮ್ಮ ಮೇಷ್ಟ್ರು ಕೇಳಬೇಕಲ್ಲ! “ಒಂದು ಸಾಕು ಬುಡಮ್ಮ. ಇನ್ನೊಂದು ಕಿವಿ ಹಂಗೇ ಇರ್ಲಿ, ಮನೇಲಿ ಬಯ್ಯೋವಾಗ ಬೇಕಾಗ್ತದೆ” ಎಂದು ನಗಿಸಿ, ಬಲಗಿವಿಗೊಂದನ್ನು ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಊರೆಲ್ಲ ನಿಶ್ಚಿಂತೆಯಾಯಿತು. ಕಿವಿಗೆ ಮಿಷನ್ ಹಾಕಿಕೊಂಡ ಮೇಲೆ ಎಲ್ಲವೂ ಕೇಳಿಸುತ್ತದೆ ಎಂದು ಮೇಷ್ಟ್ರೂ ನಂಬಿದರು, ಮಕ್ಕಳೂ ನಂಬಿದರು, ಆಗ ಅವರ ತರಗತಿಯಲ್ಲಿದ್ದ ಅನುಪಮಾಳೂ ನಂಬಿದಳು. ಆದ ಅನಾಹುತಕ್ಕೆಲ್ಲ ಆ ನಂಬಿಕೆಯೇ ಮೂಲ.

ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ, ಒಂದು ಭಾನುವಾರ ಮೇಷ್ಟ್ರು ಸಹೋದ್ಯೋಗಿಗಳನ್ನೆಲ್ಲ ಮಾಯಸಂದ್ರದ ಬಳಿಯ ತಮ್ಮ ತೋಟಕ್ಕೆ ಎಳನೀರಿಗೆ ಕರೆದಿದ್ದರು. ಕಾಯಿ ಕೀಳುವ ಕ್ಯಾತಣ್ಣ ಬೆಳಗ್ಗೆಯೇ ಮರ ಹತ್ತಿದ್ದ. ಮೇಷ್ಟ್ರು ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ತೆಂಗಿನ ಸಾಲುಗಳ ನಡುವೆ ಬರುತ್ತಿದ್ದರು. ಅವರ ಎಡಗಡೆಯ ಮರದ ಮೇಲಿಂದ ಕ್ಯಾತಣ್ಣ ಗಂಟಲು ಹರಿಯುವಂತೆ ಕೂಗಿದ.

“ಮೇಷ್ಟ್ರೇ, ದೂರ ಹೋಗ್ರೀ! ಗೊನೆ ಬೀಳ್ತೈತೆ!”

ಕೂಗು ಮೇಷ್ಟ್ರಿಗೆ ಕೇಳಿಸಿತು. ಕೇಳಿಸಿದ್ದು ಬಲಗಿವಿಗೆ. ಅಪಾಯ ಬಲಗಡೆಯಿದೆ ಎಂದುಕೊಂಡ ಅವರು, ಗಾಬರಿಯಲ್ಲಿ ಎಡಕ್ಕೆ ಜಿಗಿದು ನೇರವಾಗಿ ಆ ಮರದ ಬುಡಕ್ಕೇ ಹೋಗಿ ನಿಂತರು! ಅನುಪಮಾ ಕಿಟಾರನೆ ಕಿರುಚಿಕೊಂಡಳು. ಗೊನೆ ದೊಪ್ಪನೆ ಬಿತ್ತು. ಬಗಲಿನ ಕೊಡೆ ಮುರಿದು ಎರಡಾಯಿತು, ಮೇಷ್ಟ್ರ ತಲೆ ಗೇಣು ಅಂತರದಲ್ಲಿ ಉಳಿಯಿತು. ಕ್ಯಾತಣ್ಣ ಜಾರಿಕೊಂಡೇ ಕೆಳಗಿಳಿದು ಮೇಷ್ಟ್ರ ರಟ್ಟೆ ಹಿಡಿದುಕೊಂಡ. “ಏನ್ ಮೇಷ್ಟ್ರೇ ಇದು? ಬ್ಯಾಡ ಅಂತ ಕೂಗಿದ್ರೆ ಕೂಗಿದ ಕಡೀಕೇ ಬರ್ತೀರಲ್ರೀ!” ಎಂದು ಅಳುವ ದನಿಯಲ್ಲಿ ಬೈದ. ಪುಟ್ಟಗೌರಮ್ಮನವರು ಓಡಿಬಂದು ಮೇಷ್ಟ್ರ ತಲೆ, ಭುಜ ತಡವಿ ನೋಡಿದರು. ಅಂದು ಎಳನೀರು ಯಾರ ಗಂಟಲಲ್ಲೂ ಇಳಿಯಲಿಲ್ಲ.

ಮರುದಿನವೇ ಪುಟ್ಟಗೌರಮ್ಮನವರು ಮೇಷ್ಟ್ರನ್ನು ಎಳೆದುಕೊಂಡು ತಿಪಟೂರಿಗೆ ಹೊರಟರು. ಜೊತೆಗೆ ಅನುಪಮಾಳೂ ಹೋದಳು. ವನಜಾ ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. “ಸದ್ದು ಎಲ್ಲಿಂದ ಬಂತು ಅನ್ನೋದು ಒಂದೇ ಕಿವಿಗೆ ತಿಳಿಯಲ್ಲ ಸಾರ್. ಎರಡು ಕಿವಿಗೂ ಬಿದ್ದದ್ದನ್ನ ಮಿದುಳು ಹೋಲಿಸಿ ನೋಡಿ, ಆಮೇಲೆ ದಿಕ್ಕು ಹೇಳ್ತದೆ. ನಿಮಗೆ ಎಲ್ಲಾ ಸದ್ದೂ ಬಲಗಡೆಯಿಂದ್ಲೇ ಬಂದಂಗೆ ಇರ್ತಿತ್ತು. ಎಡಗಡೆ ಮೆತ್ತಗೆ ಆಡಿದ ಮಾತಂತೂ ಕೇಳಿಸಿರೋದೇ ಇಲ್ಲ. ಗದ್ದಲದಲ್ಲಿ ಮಾತು ಬಿಡಿಸ್ಕೊಳ್ಳೋಕೂ ಎರಡು ಕಿವಿ ಬೇಕು. ಸುಮ್ನೆ ಬಿಟ್ಟ ಕಿವಿಗೆ ಬರ್ತಾ ಬರ್ತಾ ಮಾತು ಗುರುತಿಸೋ ಅಭ್ಯಾಸವೇ ತಪ್ಪಿಹೋಗ್ತದೆ. ಎಡಗಿವಿ ಪಳಗೋಕೆ ಸ್ವಲ್ಪ ಕಾಲ ಹಿಡೀತದೆ, ಬೇಜಾರಾಗಿ ತೆಗೆದಿಡಬೇಡಿ” ಎಂದರು. ಮೇಷ್ಟ್ರು ಈ ಸಲ ತಮಾಷೆ ಮಾಡದೆ ಎಡಗಿವಿಗೂ ಒಂದನ್ನು ಹಾಕಿಸಿಕೊಂಡರು. ಮೊದಮೊದಲು ತಟ್ಟೆಲೋಟದ ಸದ್ದಿಗೂ ಬೆಚ್ಚಿದರು, ತಮ್ಮ ಚಪ್ಪಲಿಯ ಸದ್ದಿಗೆ ತಾವೇ ತಿರುಗಿ ನೋಡಿದರು. ಆದರೂ ಹಟ ಹಿಡಿದು ಎರಡನ್ನೂ ಧರಿಸಿದರು.

ನಮ್ಮ ಕಡೆಯ ಕಾಲೇಜುಗಳಲ್ಲಿ ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ಯಾರೂ ಹೇಳಿಕೊಡಬೇಕಿಲ್ಲ, ಮೊದಲ ದಿನವೇ ಹಾಗೆ ಹಂಚಿಹೋಗುತ್ತಾರೆ. ಮೇಷ್ಟ್ರ ಕೊಠಡಿಯಲ್ಲಿ ಹುಡುಗಿಯರು ಕೂರುತ್ತಿದ್ದದ್ದು ಬಾಗಿಲ ಪಕ್ಕದಲ್ಲಿ, ಅಂದರೆ ಮೇಷ್ಟ್ರ ಎಡಗೈ ಕಡೆ. ಹೊಸ ಸಾಧನ ಪಳಗಿದ ಮೇಲಿನ ಒಂದು ದಿನ, ಪಾಠದ ನಡುವೆ ಎಡಗಡೆಯಿಂದ ಒಂದು ಪಿಸುಮಾತು ಅವರ ಕಿವಿಗೆ ಬಿತ್ತು.

“ಕೇಳ್ಬ್ಯಾಡ ಸುಮ್ನಿರೇ. ಸಾರು ನಮ್ಗೆಲ್ಲಿ ಉತ್ರ ಕೊಡ್ತಾರೆ?”

ಹೇಳಿದವಳು ಕೃತಿಕಾ, ತರಗತಿಗೇ ಚುರುಕಾದ ಹುಡುಗಿ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಅವಳ ಬೆಂಚಿನ ಬಳಿ ಬಂದರು. ಹೆದರಬೇಡ, ಹೇಳು ಎಂದು ಬಲವಂತ ಮಾಡಿದ ಮೇಲೆ ಅವಳು ಎದ್ದು ನಿಂತಳು. “ನಮ್ಮಕ್ಕ ಓದೋವಾಗ್ಲೂ ಹಂಗೇ ಅಂತೆ ಸಾರ್. ನಾವು ಮೆತ್ತಗೆ ಕೇಳಿದ್ರೆ ನೀವು ಸುಮ್ನೆ ಇರ್ತೀರ. ಜೋರಾಗಿ ಕೇಳಿದ್ರೆ ಹುಡುಗ್ರ ಕಡೆ ತಿರುಗಿ ಉತ್ರ ಹೇಳ್ತೀರ. ಅದಕ್ಕೇ ಮುಂದೆ ಲೆಕ್ಕ ತಗೊಳ್ಳಲ್ಲ ಅಂತ ಮನೇಲಿ ಹೇಳಿದೀನಿ.”

ಪಕ್ಕದ ಕೊಠಡಿಯಲ್ಲಿ ಪಾಠ ಹೇಳುತ್ತಿದ್ದ ಅನುಪಮಾ ತಲೆಯೆತ್ತಿದಾಗ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಗೊನೆ ಬಿದ್ದ ದಿನವೂ ಅವರು ಹೀಗೆ ಬಿಳಿಚಿಕೊಂಡಿರಲಿಲ್ಲ. ಗೋಡೆ ಹಿಡಿದುಕೊಂಡು, ಕೃತಿಕಾ ಹೇಳಿದ್ದನ್ನೆಲ್ಲ ಒಪ್ಪಿಸಿ, “ನೀನೂ ಹಂಗೇ ಅನ್ಕೊಂಡಿದ್ದೇನಮ್ಮ?” ಎಂದು ಕೇಳಿದರು.

ಅನುಪಮಾಳಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅಯ್ಯೋ ದೇವರೇ! ಇಷ್ಟು ವರ್ಷ ತಾನು ಅಹಂಕಾರ ಎಂದುಕೊಂಡದ್ದು ಬರೀ ಒಂದು ಕಿವಿಯೇ? ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಹೌದು ಸಾರ್. ಸೊನ್ನೆ ಘಾತಾಂಕ ಹಾಕಿದ್ರೆ ಎಲ್ಲಾ ಸಂಖ್ಯೆನೂ ಒಂದು ಯಾಕಾಗ್ತದೆ ಅಂತ ಕೇಳಿದ್ದೆ. ನೀವು ಹುಡುಗ್ರ ಸಾಲಲ್ಲಿದ್ದ ರುದ್ರೇಶನ ಕಡೆ ತಿರುಗಿ ಶಹಬ್ಬಾಸ್ ಅಂದ್ರಿ. ಹುಡುಗೀರು ಕೇಳೋದು ನಿಮಗೆ ಹಿಡಿಸಲ್ಲ ಅಂತ ಗಣಿತ ಬಿಟ್ಟು ಕನ್ನಡಕ್ಕೆ ಹೋದೆ.”

ಮೇಷ್ಟ್ರು ಅಲ್ಲೇ ಹಿಂದಿನ ಬೆಂಚಿನ ಮೇಲೆ ಕುಸಿದು ಕುಳಿತರು. “ನನ್ನ ತಲೆ ಉಳಿಸ್ಕೊಳ್ಳೋಕೆ ಎರಡನೇದು ಹಾಕ್ಕೊಂಡೆ. ನಿಮಗೋಸ್ಕರ ಯಾವತ್ತೋ ಹಾಕ್ಕೋಬೇಕಿತ್ತಲ್ಲಮ್ಮ” ಎಂದರು. ಕಣ್ಣು ಒರೆಸಿಕೊಳ್ಳುವುದನ್ನೂ ಮರೆತಿದ್ದರು.

ತಪ್ಪು ತಿಳಿದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಮರುದಿನ ಕೃತಿಕಾಳ ತರಗತಿಯ ಎದುರು ನಿಂತು ತಮ್ಮ ಎರಡೂ ಸಾಧನಗಳನ್ನು ತೆಗೆದು ತೋರಿಸಿ, ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಕೈಮುಗಿದು ಕ್ಷಮೆ ಕೇಳಿದರು. ಹಳೆಯ ವಿದ್ಯಾರ್ಥಿನಿಯರನ್ನು ಸಂತೆಯಲ್ಲಿ ಕಂಡರೂ, ಬಸ್ಸಿನಲ್ಲಿ ಕಂಡರೂ ನಿಲ್ಲಿಸಿ ಇದೇ ಮಾತು ಹೇಳಿದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ರುದ್ರೇಶ್ ಸುದ್ದಿ ತಿಳಿದು ಓಡಿಬಂದ. “ನಾನು ಯಾವತ್ತೂ ಏನೂ ಕೇಳ್ದವನಲ್ಲ ಸಾರ್. ನೀವು ಶಹಬ್ಬಾಸ್ ಅಂದ್ರಿ, ಬಂದದ್ದು ಬರ್ಲಿ ಅಂತ ಇಸ್ಕೊಂಡೆ!” ಎಂದು ತಲೆ ಕೆರೆದುಕೊಂಡ. ಅಂದು ಮೇಷ್ಟ್ರು ಬಹಳ ದಿನಗಳ ಮೇಲೆ ನಕ್ಕರು.

ಕೃತಿಕಾ ಗಣಿತ ಬಿಡಲಿಲ್ಲ. ಬಿಡುವುದಿರಲಿ, ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರನ್ನು ಸುಸ್ತು ಮಾಡಿದಳು.

ಮೇಷ್ಟ್ರ ಕೊನೆಯ ತರಗತಿಗೆ ಅನುಪಮಾ ಹೋಗಿ ಕೃತಿಕಾಳ ಪಕ್ಕ, ಹುಡುಗಿಯರ ಸಾಲಿನ ಹಿಂದಿನ ಬೆಂಚಿನಲ್ಲಿ ಕುಳಿತಳು. ಮೇಷ್ಟ್ರು ಮೇಜಿನ ಮೇಲಿನ ಪುಸ್ತಕಕ್ಕೆ ತಲೆ ಬಗ್ಗಿಸಿದ್ದರು. ಅವಳು ಬೇಕೆಂದೇ ದನಿ ತಗ್ಗಿಸಿ ಕೇಳಿದಳು: “ಸಾರ್, ಸೊನ್ನೆ ಘಾತಾಂಕ ಹಾಕಿದ್ರೆ ಒಂದು ಯಾಕಾಗ್ತದೆ?”

ಗುರುಗಳೇ, ಪುಟ್ಟಗೌರಮ್ಮನವರೊಂದಿಗೆ ನೂರು ತುಂಬಿ ಬಾಳಿ. ತೋಟದ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವೆನೆಂದಿರುವ ನಿಮ್ಮ ಸಂಕಲ್ಪ ಈಡೇರಲಿ. ಎರಡು ಕಿವಿಗಳಲ್ಲಿ ಒಂದನ್ನೂ ಎಂದಿಗೂ ಬರಿದು ಬಿಡಬೇಡಿ. ನಿಮ್ಮ ಶಿಷ್ಯೆ ಬೇರೆ ಸನ್ಮಾನಗಳನ್ನು ನೋಡಿದ್ದಾಳೆ, ಶಾಲು ಹೊದ್ದಿದ್ದಾಳೆ. ಆದರೆ ಅಂದು ನೀವು ಥಟ್ಟನೆ ತಲೆಯೆತ್ತಿ, ಬಲಕ್ಕೆ ತಿರುಗದೆ, ನೆಟ್ಟಗೆ ಎಡಗಡೆಯ ಹಿಂದಿನ ಬೆಂಚನ್ನೇ ನೋಡಿ, “ಶಹಬ್ಬಾಸ್, ಅನುಪಮಾ!” ಎಂದಿರಲ್ಲ, ಅವಳು ಮನೆಗೆ ಹೋಗಿ ಅತ್ತದ್ದು ಅದಕ್ಕೆ.