ಟೈಪಿಂಗ್ ಪರೀಕ್ಷೆಯಲ್ಲಿ ಕಿವಿಗೆ ಬಿದ್ದ ಕನ್ನಡ

ನನ್ನ ಮನಸ್ಸು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಹಾಗೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಮದುವೆಯಾಗುವ ತನಕ ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಮ್ಮೂರು ಕಾಸರಗೋಡು ಹೊಸದಾಗಿ ಕೇರಳಕ್ಕೆ ಸೇರಿದ ಕಾಲ. ನಾನು ಎರ್ನಾಕುಳಕ್ಕೆ ಬಂದು ಕೇಂದ್ರ ಸರಕಾರದ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿ ಕೂತಿದ್ದೆ. ಅಳಿಯ ಸೆಂಟ್ರಲ್ ಗವರ್ನಮೆಂಟಿನವನು ಎಂದು ಮಾವ ಊರಿಡೀ ಹೇಳಿಕೊಂಡು ಬಂದಿದ್ದರು. ಕೆಲಸ ತಾತ್ಕಾಲಿಕ ಎಂಬುದನ್ನು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಖಾಯಂ ಆಗಬೇಕಾದರೆ ತಿರುವನಂತಪುರದಲ್ಲಿ ನಡೆಯುವ ಟೈಪಿಂಗ್ ಪರೀಕ್ಷೆ ಪಾಸಾಗಬೇಕು. ಇದ್ದದ್ದು ಎರಡೇ ಅವಕಾಶ. ಎರಡರಲ್ಲೂ ಬಿದ್ದರೆ ಹೆಂಡತಿಯನ್ನು ಕರೆದುಕೊಂಡು ಮಾವನ ಜಗಲಿಗೆ ಹೋಗಿ ಕೂರುವುದೇ ಗತಿ.

ಎಡಪ್ಪಳ್ಳಿಯಲ್ಲಿ ಒಂದು ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದಿದ್ದೆವು. ಮನೆಯಲ್ಲಿ ಮೆಶಿನ್ ಇಲ್ಲ, ಹಾಗಾಗಿ ಮಣೆಯ ಮೇಲೆಯೇ ಬೆರಳು ಆಡಿಸುತ್ತಿದ್ದೆ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ. ಟೈಪಿಸ್ಟರಿಗೆ ಇದೊಂದು ಚಾಳಿ: ಕಿವಿಗೆ ಬಿದ್ದ ಮಾತನ್ನೆಲ್ಲ ಬೆರಳು ತನ್ನಷ್ಟಕ್ಕೆ ಕುಟ್ಟುತ್ತದೆ. ಹೆಂಡತಿ ‘ಊಟಕ್ಕೆ ಬನ್ನಿ’ ಎಂದರೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ತೊಡೆಯ ಮೇಲೆ ಕುಟ್ಟಿಯೇ ಏಳುತ್ತಿದ್ದೆ. ಅದು ಅಭ್ಯಾಸಕ್ಕೆ ಒಳ್ಳೆಯದು ಎಂದು ನನ್ನ ನಂಬಿಕೆ.

ಮನಸ್ಸು ನಿಲ್ಲಿಸಲು ಯಾರು ಏನು ಹೇಳಿದರೂ ಮಾಡಿದೆ. ಹೆಡ್ ಕ್ಲಾರ್ಕ್ ದೀಪದ ಕುಡಿಯನ್ನೇ ನೋಡು ಎಂದರು, ನೋಡಿದೆ. ಕಣ್ಣಲ್ಲಿ ನೀರು ಬಂತು, ಅಷ್ಟೇ. ಕಿವಿಗೆ ಹತ್ತಿ ಇಟ್ಟೆ, ತುರಿಸಿತು. ಆದರೆ ಆಫೀಸಿನಲ್ಲಿ ಸುತ್ತಲೂ ನಡೆಯುವ ಮಲಯಾಳದ ಹರಟೆ, ಚಹಾದವನ ಕೂಗು, ಹೊರಗಿನ ಜಾಥಾದ ಘೋಷಣೆ ಯಾವುದೂ ನನ್ನನ್ನು ಮುಟ್ಟುತ್ತಿರಲಿಲ್ಲ. ಅದೆಲ್ಲ ಕೆಸುವಿನೆಲೆ ಮೇಲಿನ ನೀರು. ಅಂತೂ ಏಕಾಗ್ರತೆ ಬಂತಲ್ಲ ಎಂದು ನಾನು ಬೀಗಿದ್ದೇ ಬೀಗಿದ್ದು.

ಪರೀಕ್ಷೆಗೆ ಹೆಂಡತಿಯೂ ಬಂದಳು. ಅವಳ ಅಣ್ಣ ತಿರುವನಂತಪುರದಲ್ಲೇ ಗುಮಾಸ್ತ; ಅವನನ್ನು ನೋಡಿದ ಹಾಗೂ ಆಗುತ್ತದೆ ಎಂದು ಲೆಕ್ಕ. ತಂಪಾನೂರಿನಲ್ಲಿ ಬಸ್ಸಿಳಿದಾಗ ಭಾವ ಕಾಯುತ್ತಿದ್ದ. ಪಟ್ಟಂನ ಒಂದು ಶಾಲೆಯಲ್ಲಿ ಪರೀಕ್ಷೆ. ನನ್ನನ್ನು ಒಳಗೆ ಕಳಿಸಿ ಅಣ್ಣ ತಂಗಿ ಇಬ್ಬರೂ ಹೊರಗಿನ ಜಗಲಿಯಲ್ಲಿ ಕೂತರು. ನನ್ನ ಮೆಶಿನ್ ಸಿಕ್ಕಿದ್ದು ಆ ಕಡೆಯ ಕಿಟಕಿಯ ಪಕ್ಕದಲ್ಲೇ.

ನಕಲು ಮಾಡಲು ಕೊಟ್ಟದ್ದು ತೆಂಗಿನ ನಾರಿನ ರಫ್ತಿನ ಬಗ್ಗೆ ಒಂದು ಉದ್ದನೆಯ ಇಂಗ್ಲಿಷ್ ವರದಿ. ಕೋಣೆಯ ತುಂಬ ಮೆಶಿನುಗಳ ಚಟಪಟ. ನಾನು ಕಣ್ಣನ್ನು ಕಾಗದದಿಂದ ಕೀಳದೆ ಹೊಡೆದೆ. ಗಂಟೆ ಬಾರಿಸಿದಾಗ ಇಡೀ ವರದಿ ಮುಗಿದಿತ್ತು. ತಿರುಗಿ ಓದುವ ಸಮಯ ಇರಲಿಲ್ಲ. ಹೊರಗೆ ಬಂದು, ‘ಆಯಿತು, ಇನ್ನು ಚಿಂತೆಯಿಲ್ಲ’ ಎಂದೆ. ಭಾವ ಹೋಟೆಲಿನಲ್ಲಿ ದೋಸೆ ಕೊಡಿಸಿದ.

ಕೆಲವು ವಾರಗಳ ಮೇಲೆ ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ನನ್ನನ್ನು ಮೇಜಿನ ಹತ್ತಿರ ಕರೆದರು. ಅವರ ಕೈಯಲ್ಲಿ ನನ್ನ ಉತ್ತರಪತ್ರಿಕೆ. ಅವರೇನೂ ಕೆಟ್ಟವರಲ್ಲ, ನಿಜವಾಗಿಯೂ ಕುತೂಹಲದಿಂದ, ‘ಇದು ಏದು ಭಾಷಯಾಣು?’ ಎಂದು ಕೇಳಿದರು. ಇದು ಯಾವ ಭಾಷೆ? ತೆಂಗಿನ ನಾರನ್ನು ನೆನೆಹಾಕುವ ಕ್ರಮದ ನಡುವೆ, ಒಂದಕ್ಷರವೂ ತಪ್ಪಿಲ್ಲದೆ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡ ಸಾಲು ಕೂತಿತ್ತು. ಅದನ್ನು ಮುಗಿಸಿ ಬೆರಳು ಸಭ್ಯತೆಯಿಂದ ನಾರಿಗೆ ವಾಪಸಾಗಿತ್ತು. ಕನ್ನಡ ಸರ್, ಎಂದೆ. ಅರ್ಥ ಏನು ಎಂದರು. ಇಡೀ ಸೆಕ್ಷನ್ನು ಬೆರಳು ನಿಲ್ಲಿಸಿ ನನ್ನ ಕಡೆ ತಿರುಗಿತ್ತು.

ಅದರಲ್ಲಿ ಇದ್ದದ್ದು ಆ ದಿನ ಕಿಟಕಿಯಾಚೆ ಜಗಲಿಯಲ್ಲಿ ಹೆಂಡತಿ ಅಣ್ಣನಿಗೆ ಹೇಳಿದ ಮಾತು. ‘ಇವರಿಗೆ ಇದು ಆಗುವ ಹಾಗೆ ಕಾಣುವುದಿಲ್ಲ ಮಾರಾಯ. ಆಗದಿದ್ದರೆ ಅಪ್ಪನಿಗೆ ಹೇಳಬೇಡ.’

ಸುಳ್ಳು ಹೇಳಬಹುದಿತ್ತು, ಆದರೆ ಆ ಗಳಿಗೆಯಲ್ಲಿ ಸುಳ್ಳೂ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು. ಸೂಪರಿಂಟೆಂಡೆಂಟರು ಕಾಗದ ಮಡಚಿ, ‘ಸಾರಮಿಲ್ಲ’ ಎಂದರು. ಪರವಾಗಿಲ್ಲ, ಇನ್ನೊಂದು ಅವಕಾಶ ಇದೆ ಎಂದು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮನೆಗೆ ಹೋಗಿ ಆ ಬಿಸಿಯನ್ನೆಲ್ಲ ಅವಳ ಮೇಲೆ ಸುರಿದೆ. ‘ನಿನ್ನ ಬಾಯಿಯಿಂದ ನನ್ನ ಮಾನ ಹೋಯಿತು. ಒಂದು ಗಳಿಗೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲವಾ ನಿನಗೆ?’ ಎಂದೆ. ಕುಣಿಯಲಾರದವನಿಗೆ ನೆಲವೇ ಡೊಂಕು. ಅವಳು ಏನು ಹೇಳಿದಳು, ಏಕೆ ಹೇಳಿದಳು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಅವಳು ಅತ್ತದ್ದೂ ಇಲ್ಲ, ಎದುರಾಡಿದ್ದೂ ಇಲ್ಲ. ‘ಕನ್ನಡವಾದರೆ ಮಾತ್ರ ನಿಮ್ಮ ಕಿವಿಗೆ ಹೋಗುವುದಾ?’ ಎಂದು ಕೇಳಿದಳು. ಹೌದು ಎಂದೆ.

ಮರುದಿನದಿಂದ ಅವಳು ಪಕ್ಕದ ಮನೆಯ ಅಕ್ಕನ, ಅಲ್ಲಿಯ ಮಾತಿನಲ್ಲಿ ಚೇಚಿಯ, ಹತ್ತಿರ ಮಲಯಾಳ ಕಲಿಯಲು ಹೊರಟಳು. ಅಲ್ಲಿಯವರೆಗೆ ಮೀನು ಬೇಡ, ಹಾಲು ಬೇಕು ಎನ್ನುವಷ್ಟೇ ಬರುತ್ತಿತ್ತು. ನಾನು ಮಣೆಯ ಮುಂದೆ ಕೂತಾಗ ‘ವೆಳ್ಳಂ ವೇಣೋ?’ ಎನ್ನುವಳು. ನೀರು ಬೇಕೋ ಎಂದು. ಆ ಉಚ್ಚಾರ ಕೇಳಿ ನನಗೆ ನಗು. ಕ್ರಮೇಣ ಮಣೆಯ ಮುಂದೆ ಮಾತ್ರವಲ್ಲ, ಅಡುಗೆಮನೆಯಲ್ಲೂ, ಊಟಕ್ಕೆ ಕೂತಾಗಲೂ ಮಲಯಾಳವೇ ಆಯಿತು. ಕನ್ನಡ ನಾಲಿಗೆಗೆ ಬಂದರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು.

ಸರಿಯಾಗಿ ನೋಡಿದರೆ ನಾನು ಮಾಡಬೇಕಾಗಿದ್ದದ್ದು ಬೇರೆ. ಅವಳು ಪಕ್ಕದಲ್ಲಿ ಕನ್ನಡದಲ್ಲೇ ಮಾತಾಡುತ್ತಿರಬೇಕಿತ್ತು, ನಾನು ಅದರ ನಡುವೆ ಮನಸ್ಸು ಹಿಡಿಯಲು ಕಲಿಯಬೇಕಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಕಷ್ಟದ ಕೆಲಸ ಎಂದು ಬಿಟ್ಟೆ. ಅವಳ ಬಾಯಿ ಕಟ್ಟುವುದು ಸುಲಭ, ಅದೂ ಅವಳೇ ಕಟ್ಟಿಕೊಳ್ಳುತ್ತಿರುವಾಗ.

ಎರಡನೆಯ ಪರೀಕ್ಷೆ ಅದೇ ಶಾಲೆಯಲ್ಲಿ. ಬರಬೇಡ ಎಂದು ಹೇಳಬಹುದಿತ್ತು; ಹೊರಗೆ ಅವಳಿಲ್ಲದೆ ಒಳಗೆ ಕೂರುವ ಧೈರ್ಯ ನನಗಿರಲಿಲ್ಲ. ಮೊದಲು ಕಿವಿ ನೆಟ್ಟಗಾಯಿತು. ಹೊರಗೆ ಅಣ್ಣ ತಂಗಿ ಮಾತಾಡುತ್ತಿದ್ದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ತೊದಲುವ ಮಲಯಾಳದಲ್ಲಿ. ಮಾತು ಸಿಗದ ಕಡೆ ಅವಳು ತಡವರಿಸುತ್ತಿದ್ದಳು, ಅವನು ಶಬ್ದ ಹುಡುಕಿ ಕೊಡುತ್ತಿದ್ದ. ಆಮೇಲೆ ಅದು ಬರೀ ಸದ್ದಾಯಿತು. ಹೆಂಡತಿಯ ದನಿ ನನ್ನ ಕಿವಿಯ ಹತ್ತಿರವೇ ಇತ್ತು, ನಾನು ಅದರ ಒಂದು ಶಬ್ದವನ್ನೂ ಕೇಳಿಸಿಕೊಳ್ಳಲಿಲ್ಲ. ಒಂದು ತಪ್ಪೂ ಇಲ್ಲದೆ ಹೊಡೆದೆ. ಪಾಸಾದೆ, ಖಾಯಂ ಆದೆ. ಸೂಪರಿಂಟೆಂಡೆಂಟರು ಬೆನ್ನು ತಟ್ಟಿ, ಎಂಥ ಏಕಾಗ್ರತೆ ಎಂದರು. ನಾನು ಹಲ್ಲು ಕಿರಿದೆ.

ಮುಂದಿನ ವರ್ಷ ಮಗಳು ಹುಟ್ಟಿದಳು. ಅವಳಿಗೆ ಮಾತು ಬಂದದ್ದೇ ಮಲಯಾಳದಲ್ಲಿ. ಸುತ್ತಮುತ್ತಲಿನ ಮಕ್ಕಳ ಸಹವಾಸ ಎಂದು ನಾನು ಊರಿನವರಿಗೆ ಹೇಳುತ್ತಿದ್ದೆ, ಅದನ್ನೇ ನಂಬಲೂ ನೋಡುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಮಗಳು ತಟ್ಟೆ ದೂಡಿ ‘ಎನಿಕ್ಕು ವೇಂಡ’ ಎಂದಳು. ತಾಯಿ ಮಲಯಾಳದಲ್ಲೇ ಪುಸಲಾಯಿಸಿದಳು. ನನಗೆ ತಡೆಯಲಾಗಲಿಲ್ಲ. ‘ಅವಳ ಹತ್ತಿರವಾದರೂ ಕನ್ನಡದಲ್ಲಿ ಮಾತಾಡಬಾರದಾ?’ ಎಂದು ರೇಗಿದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕೊಂಕೇನೂ ಇರಲಿಲ್ಲ, ನಿಜಕ್ಕೂ ಅಪ್ಪಣೆ ಕೇಳುವವಳ ಹಾಗೆ ಕೇಳಿದಳು:

‘ಇನ್ನು ಮಾತಾಡಬಹುದಾ?’

ಪರೀಕ್ಷೆ ಮುಗಿಯಿತು, ಇನ್ನು ಕನ್ನಡದಲ್ಲಿ ಮಾತಾಡು ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲೇ ಇಲ್ಲ.