ಅರ್ಜಿ ತಿದ್ದಿದ ಎರಡು ದಿನ

ನಮ್ಮನೆಯ ಊಟದ ಮೇಜಿನ ಒಂದು ತುದಿ ಊಟಕ್ಕೆ ಸಿಕ್ಕುವುದೇ ಇಲ್ಲ. ಅಲ್ಲಿ ಸದಾ ಯಾರದೋ ಅರ್ಜಿ, ಅದು ಹಾರಿಹೋಗದಂತೆ ಮೇಲೊಂದು ಉಪ್ಪಿನಕಾಯಿ ಭರಣಿ. ಮೂಡಿಗೆರೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಎಸ್ಟೇಟು, ಅದರ ಲೆಕ್ಕ ಬರೆಯುವ ರೈಟರು ಎನ್ನುತ್ತಲೇ ಬೆಳೆದ ನಮ್ಮ ಜನಕ್ಕೆ, ಆಫೀಸಿಗೆ ಕೊಡುವ ಕಾಗದ ಇಂಗ್ಲಿಷಿನಲ್ಲಿದ್ದರೆ ಮಾತ್ರ ಅದಕ್ಕೆ ತೂಕ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಸುಳ್ಳೇಕೆ ಹೇಳಲಿ, ಆ ನಂಬಿಕೆಗೆ ನೀರೆರೆದವರಲ್ಲಿ ನಾನೂ ಒಬ್ಬಳು. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ, ನೀವೇ ಹೇಳಿ.

ಕಳೆದ ಕೊಯ್ಲಿನ ಸಮಯದಲ್ಲಿ, ಜಾವಳಿ ಕಡೆ ಸಣ್ಣ ಕಾಫಿ ತೋಟವಿರುವ ರಫೀಕ್ ಅಂಥದೊಂದು ಕಾಗದ ಹಿಡಿದು ಬಂದ. ಹಣ್ಣು ಕೊಯ್ಯುವ ಹೆಂಗಸರು ಬೆಳಿಗ್ಗೆ ಬರುವ ಕಾಲುದಾರಿಯಲ್ಲೇ ಒಂಟಿ ಆನೆಯೊಂದು ಸುಳಿದಾಡುತ್ತಿತ್ತು. ಅದನ್ನು ಓಡಿಸಬೇಕು, ಅಲ್ಲಿಯವರೆಗೆ ದಾರಿಗೆ ಕಾವಲು ಹಾಕಬೇಕು ಎಂದು ಅರ್ಜಿ.

"ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿದ್ರೆ ಬರೆದು ಕೊಡಿ ಅಂತಾರೆ ಟೀಚರ್. ಏನೋ ಗೀಚಿದೀನಿ, ನೀವೊಂದ್ಸಲ ನೋಡಿದ್ರೆ ಧೈರ್ಯ ಮಾರಾಯ್ರೆ," ಎಂದ.

"ಇಟ್ಟು ಹೋಗು," ಎಂದೆ.

ಓದಿದರೆ ಅರ್ಥ ಸ್ಪಷ್ಟವಾಗಿಯೇ ಇತ್ತು. ಆದರೆ ನನ್ನ ಚಾಳಿ ಬಿಡಬೇಕಲ್ಲ! ಆನೆಯನ್ನು 'ಡ್ರೈವ್ ಔಟ್' ಮಾಡಬೇಕೋ, 'ಡ್ರೈವ್ ಆಫ್' ಮಾಡಬೇಕೋ, 'ಡ್ರೈವ್ ಅವೇ' ಮಾಡಬೇಕೋ? 'ಡ್ಯಾಮೇಜ್' ಎಣಿಕೆಗೆ ಬಾರದ ನಾಮಪದ; ಪಾಪ, ಅದರ ಹಿಂದೆ ಅವನೊಂದು 'ಎ' ನಿಲ್ಲಿಸಿದ್ದ, ಹೊಡೆದುಹಾಕಿದೆ. 'ಇನ್ಫರ್ಮೇಶನ್' ಹಿಂದೆ 'ದಿ' ಬೇಕೋ ಬೇಡವೋ ಎಂದು ಹಳೆಯ ವ್ಯಾಕರಣ ಪುಸ್ತಕಕ್ಕಾಗಿ ಅಟ್ಟ ಹತ್ತಿದೆ; ಅಲ್ಲಿಗೆ ಒಂದು ದಿನ ಹೋಯಿತು. ಮರುದಿನ ನೀಟಾಗಿ ನಕಲು ಮಾಡಲು ಕುಳಿತವಳು ಮತ್ತೆ 'ಔಟ್' ತೆಗೆದು 'ಅವೇ' ಮಾಡಿದೆ. ಇದು ಕಷ್ಟವಲ್ಲ, ಸುಖ. ಸರಿಯಾದ ಪದವನ್ನು ಅರಸುವ ಸುಖದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ, ಆ ಪದ ಯಾರಿಗಾಗಿ ಎಂಬುದೂ ಮರೆತುಹೋಗುತ್ತದೆ.

ಮೂರನೆಯ ಬೆಳಿಗ್ಗೆ ರಫೀಕ್ ಬಂದಾಗ ಕಾಗದ ಸಿದ್ಧವಾಗಿತ್ತು. ಅವನು ಕೈ ಚಾಚಲಿಲ್ಲ.

"ನಮ್ಮ ಕೆಲಸದ ಗಿರಿಜಮ್ಮನ್ನ ಆನೆ ತುಳೀತು ಟೀಚರ್. ಅದೇ ದಾರೀಲಿ. ಉಳೀಲಿಲ್ಲ."

ಅಯ್ಯೋ, ಅವನು ನನ್ನನ್ನು ಬೈದಿದ್ದರೂ ಆಗುತ್ತಿತ್ತು. "ನಾನೇ ಅವತ್ತೇ ಕನ್ನಡದಲ್ಲಿ ಬರೆದು ಕೊಡ್ಬೇಕಿತ್ತು," ಎಂದು ತನ್ನನ್ನೇ ಹಳಿದುಕೊಂಡು ಹೋದ. ಅರ್ಜಿ ಅಂದೇ ತಲುಪಿದ್ದರೆ ಕಾವಲು ಬರುತ್ತಿತ್ತೋ ಇಲ್ಲವೋ, ಯಾರು ಬಲ್ಲರು? ಹಾಗೆಂದು ಎಷ್ಟೋ ಸಲ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ.

ತಿಥಿ ಕಳೆದ ಮೇಲೆ ಗಿರಿಜಮ್ಮನ ಮಗಳು ಸುಮಿತ್ರ ಬಂದಳು. ಪರಿಹಾರಕ್ಕೆ ಅರ್ಜಿ ಬೇಕಿತ್ತು. ಕೂತ್ಕೋ, ಕನ್ನಡದಲ್ಲಿ ಈಗಲೇ ಬರೆದುಕೊಡ್ತೀನಿ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

"ಇಂಗ್ಲಿಷಲ್ಲೇ ಬರೀರಿ ಟೀಚರ್, ಒಂದು ತಪ್ಪೂ ಇಲ್ದಂಗೆ. ಎರಡು ದಿನ ಆದ್ರೂ ಪರ್ವಾಗಿಲ್ಲ."

ರಫೀಕನ ಕಾಗದ ನನ್ನ ಮೇಜಿನ ಮೇಲೆ ಎರಡು ದಿನ ಕುಳಿತಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಅಮ್ಮನ ಪೂರ್ತಿ ಹೆಸರು ಹೇಳು," ಎಂದೆ.