ಬೀಳುವುದನ್ನು ಕಲಿಸಿದವರು

ಅವರ ಮೂಗು ಎರಡು ಕಡೆ ಮುರಿದು, ಹೊಸ ಊರಲ್ಲಿ ದಾರಿ ಹುಡುಕುವವರ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿತ್ತು. ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನವರು, ಅಮೆರಿಕದವರು. ಎಲ್ಲರಿಗೂ ಕೋಚ್, ನನಗೂ ಕೋಚ್.

ಹರೆಯದಲ್ಲೇ ಲಂಡನ್ನಿಗೆ ಬಂದು, ಒಂದು ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಶುರುಮಾಡಿದ್ದರು. ಆಗ ಇಲ್ಲಿ ಆ ಆಟ ಕಂಡವರೇ ಕಡಿಮೆ. ಹೆಲ್ಮೆಟ್ ತೊಟ್ಟ ಹುಡುಗರನ್ನು ನೋಡಿ ಜನ ನಗುತ್ತಿದ್ದರಂತೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಕೊನೆಗೆ ಕಾಲೇಜು ಟೀಮನ್ನೇ ಮುಚ್ಚಿತು. ಮರುದಿನ ಕೋಚ್ ಎಂದಿನಂತೆ ಕೊರಳಿಗೆ ಸೀಟಿ ಹಾಕಿಕೊಂಡು ಪಾರ್ಕಿಗೆ ಹೋದರು, ಹುಡುಗರೂ ಬಂದರು. "ಅವರು ಮುಚ್ಚಿದ್ದು ಟೀಮ್ ಮಾತ್ರ, ಮ್ಯಾಮ್. ಪಾರ್ಕ್ ಅಲ್ಲವಲ್ಲ!" ಎಂದು ನನಗೆ ಹೇಳುತ್ತಿದ್ದರು. ತಲೆ ನರೆಯುವ ತನಕ ಹಾಗೇ ನಡೆಸಿದರು.

"ಕೈಯಲ್ಲೇ ಆಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರ್ಯಾಕೆ, ಕೋಚ್?" ಎಂದು ಕೆಣಕಿದರೆ, "ಹೆಸರಿಡುವಾಗ ನನ್ನನ್ನು ಕರೆಯಲಿಲ್ಲ, ಮ್ಯಾಮ್," ಅನ್ನುತ್ತಿದ್ದರು.

ಚೆಂಡು ಹಿಡಿದು ಓಡುವವನನ್ನು ಕೆಡವುವ ಆಟ ಅದು. ಹೊಸಬರ ಕೈಗೆ ಅವರು ಮೊದಲು ಚೆಂಡು ಕೊಡುತ್ತಿರಲಿಲ್ಲ. ಬೀಳುವುದನ್ನು ಕಲಿಸುತ್ತಿದ್ದರು. ಗದ್ದ ಎದೆಗೆ, ಕೈ ಊರಬಾರದು, ಭುಜದ ಮೇಲೆ ಉರುಳಬೇಕು.

ಒಂದು ಚಳಿಗಾಲ ಬಸ್‌ಸ್ಟಾಪಿನಲ್ಲಿ ಜಾರಿ ನನ್ನ ಮಣಿಕಟ್ಟು ಮುರಿಯಿತು. "ಇನ್ನ ಒಬ್ಬಾಕಿನ ಹೊರಗ ಕಾಲಿಡಬ್ಯಾಡ ಅವ್ವಾ. ಎಲ್ಲಾ ಆನ್‌ಲೈನ್ ತರಸೂಣು," ಅಂದ ಮಗ. ಕೈ ಕೂಡಿತು, ಹೆದರಿಕೆ ಹೋಗಲಿಲ್ಲ. ಕಿಟಕಿಯಲ್ಲಿ ಕೂತು ಬಸ್ಸು ನೋಡುವುದೇ ನನ್ನ ಬಾಳಾಯಿತು.

ಒಂದು ಮಧ್ಯಾಹ್ನ ಕೋಚ್ ದಪ್ಪ ಮ್ಯಾಟ್ ಹೊತ್ತು ಮೇಲೆ ಬಂದರು. "ನೀವು ಬಿದ್ದದ್ದು ತಪ್ಪಲ್ಲ, ಮ್ಯಾಮ್. ಬಿದ್ದ ಸ್ಟೈಲ್ ಬಹಳ ಕೆಟ್ಟದು." ಬೆಳಗಾವಿಯ ಕಾನ್ವೆಂಟ್‌ನಲ್ಲಿ ಸಿಸ್ಟರ್‌ಗಳು ತಲೆಯ ಮೇಲೆ ಪುಸ್ತಕ ಇಟ್ಟು ನೆಟ್ಟಗೆ ನಡೆಯಲು ಕಲಿಸಿದ್ದರು. ಬೀಳುವುದು ಯಾರ ಸಿಲಬಸ್‌ನಲ್ಲೂ ಇರಲಿಲ್ಲ. ಸೀರೆಯ ನಿರಿಗೆ ಸಿಕ್ಕಿಸಿ, ಮೊದಲು ಮಂಡಿಯೂರಿ, ಆಮೇಲೆ ನಿಂತು, ದಿನಾ ಬಿದ್ದೆ. ಒಂದು ಸಂಜೆ ಮಗ ಬಾಗಿಲು ತೆಗೆದವನೇ ಚೀರಿದ.

"ಅಯ್ಯೋ ಅವ್ವಾ! ಬಿದ್ದೀಯೇನು?"

"ಗದ್ಲಾ ಮಾಡಬ್ಯಾಡ. ಪ್ರ್ಯಾಕ್ಟೀಸ್ ನಡದೈತಿ."

ಮಗ ಕೋಚ್ ಜೊತೆ ವಾರವೆಲ್ಲ ಮಾತು ಬಿಟ್ಟ. ನಾನು ಒಬ್ಬಳೇ ಬಸ್ಸು ಹತ್ತಿ, ನಮ್ಮ ಕಡೆಯ ಹೋಟೆಲುಗಳಿರುವ ಟೂಟಿಂಗ್‌ಗೆ ಹೋಗಿ ಮಸಾಲೆದೋಸೆ ತಿಂದು, ಕೋಚ್‌ಗೂ ಒಂದು ಕಟ್ಟಿಸಿಕೊಂಡು ಬಂದೆ.

ಹೋದ ಜನವರಿಯಲ್ಲಿ ಅವರು ತೀರಿಕೊಂಡರು. ಕ್ರೆಮಟೋರಿಯಂ ಮುಂದೆ ಅವರ ಹುಡುಗರು, ಈಗ ಎಲ್ಲರೂ ಬಕ್ಕತಲೆಯವರು, ಟೀಮಿನ ಹಳೆಯ ಜರ್ಸಿಯನ್ನು ಕೋಟಿನ ಮೇಲೇ ಏರಿಸಿಕೊಂಡು ನಿಂತಿದ್ದರು. ನೆಲವೆಲ್ಲ ಹೆಪ್ಪುಗಟ್ಟಿತ್ತು. ಮಗ ತೋಳು ಚಾಚಿದ.

"ಜಾರತೈತಿ ಅವ್ವಾ, ಹಿಡಕೋ. ಬಿದ್ದಗಿದ್ದಿ."

"ಬಿದ್ದರ ಬೀಳತೇನಿ. ನನಗ ಕಲಿಸ್ಯಾರ," ಎಂದು ಅವನನ್ನು ದಾಟಿ, ಆ ಜರ್ಸಿಗಳ ನಡುವೆ ಹೋಗಿ ನಿಂತೆ.